ಮನೆಯಲ್ಲಿ ಇಬ್ಬರು ಬಸುರಿಯರು

ನಮ್ಮ ಮನೆಯಲ್ಲಿ ಐದು ಬೆಕ್ಕುಗಳಿರುವವೆಂದು ಹೇಳಿದೊಡನೆ ಕೇಳಿದವರು ಮೊದಲು ನಗುವರು, ಆಮೇಲೆ "ಅಯ್ಯೋ, ಹಾಲು ಮೊಸರಿನ ಗತಿಯೇನು?" ಎಂದು ಮರುಗುವರು. ಇಂಥವರನ್ನು ನಾನು ಮಾತಾಡದೆ ನಮ್ಮ ಅಡಿಕೆಯ ಮನೆಗೆ ಕರೆದುಕೊಂಡು ಹೋಗಿ ಚೀಲಗಳನ್ನು ತೋರಿಸುವುದುಂಟು. ಚನ್ನಗಿರಿ ಸೀಮೆಯ ಹಳ್ಳಿಯಲ್ಲಿ ತೋಟವನ್ನು ನಂಬಿದ ಸಂಸಾರಕ್ಕೆ ಅಡಿಕೆಯೇ ಮಕ್ಕಳ ಓದು, ಅಡಿಕೆಯೇ ಮದುವೆ, ಅಡಿಕೆಯೇ ಔಷಧೋಪಚಾರ. ಭಾದ್ರಪದದಿಂದ ಪುಷ್ಯದವರೆಗೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಚೀಲಕ್ಕೆ ತುಂಬಿದ ಮೇಲೆ ಬೆಲೆ ಏರುವುದನ್ನು ಕಾಯುವುದು ನಮ್ಮ ಕೆಲಸ. ಆ ಚೀಲಗಳನ್ನು ಕಡಿದು, ನಾರನ್ನೆಳೆದು, ಗೂಡು ಕಟ್ಟಿ ಮರಿ ಹಾಕುವುದು ಇಲಿಗಳ ಕೆಲಸ. ನಡುವೆ ನ್ಯಾಯ ಹೇಳುವುದಕ್ಕೆ ಬೆಕ್ಕು ಬೇಕು.

ಇದು ಇಂದು ನಿನ್ನೆಯ ಒಡಂಬಡಿಕೆಯಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲಿಯೇ ಒಂದು ಬೆಕ್ಕನ್ನೂ ಹೂಳಿದ್ದುದು ಕಂಡುಬಂದಿತೆಂದು 2004ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಕಾಳನ್ನು ಕೂಡಿಡಲು ಮನುಷ್ಯನು ಕಲಿತನು. ಕಾಳಿಗೆ ಇಲಿ ಬಂದಿತು. ಇಲಿಯ ಬೆನ್ನಿಗೆ ಬೆಕ್ಕು ಬಂದಿತು. ನಾಯಿಯನ್ನು ನಾವು ಕರೆದುತಂದೆವು, ಬೆಕ್ಕು ತಾನಾಗಿಯೇ ಬಂದಿತು ಎಂದು ನಮ್ಮ ಯಜಮಾನರು ಹೇಳುತ್ತಾರೆ. ಆದುದರಿಂದಲೇ ಅದಕ್ಕೆ ನಮ್ಮ ಹಂಗಿಲ್ಲ.

ನಮ್ಮ ಐದರಲ್ಲಿ ಹಿರಿಯಳು ದೊಡ್ಡಮ್ಮ. ಅವಳನ್ನು ತುಂಗಭದ್ರೆಯ ದಡದ ಹೊನ್ನಾಳಿಯಿಂದ, ನನ್ನ ತವರಿನಿಂದ, ಮಾವಿನ ಹಣ್ಣಿನ ಬುಟ್ಟಿಯಲ್ಲಿ ತಂದದ್ದು. ಕೆಂಚನು ನ್ಯಾಮತಿಯ ನಮ್ಮ ಅಕ್ಕ ಕೊಟ್ಟವನು. (ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾದಂದಿನಿಂದ ಅಕ್ಕನ ಗತ್ತು ಹೆಚ್ಚಿದೆ, "ತಾಲ್ಲೂಕು ಕೇಂದ್ರದ ಬೆಕ್ಕು, ಚೆನ್ನಾಗಿ ನೋಡಿಕೋ" ಎಂದು ಹೇಳಿಯೇ ಕಳುಹಿಸಿದಳು.) ಕರಿಯನು ಒಂದು ಮಳೆಗಾಲದ ರಾತ್ರಿ ತಾನೇ ಬಂದು ಸೇರಿದ ಗಂಡುಬೆಕ್ಕು, ಅವನ ಕಿವಿಯ ತುದಿ ಹರಿದಿದೆ, ಸ್ವಭಾವವೂ ಸ್ವಲ್ಪ ಹಾಗೆಯೇ. ಚಂಚಲೆ ಎಂಬುದು ಚಿಕ್ಕದು. ಇನ್ನು ಗೌರಿ. ಗೌರಿಹಬ್ಬದ ಹಿಂದಿನ ದಿನ ಹಿತ್ತಲಲ್ಲಿ ಸಿಕ್ಕಿದ ಬಿಳಿ, ಕಪ್ಪು, ಕೆಂಪು ಮೂರು ಬಣ್ಣದ ಮರಿ. ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ ಆಗಿರುವುದು ಸೃಷ್ಟಿಯ ನಿಯಮ. ಬೆಕ್ಕನ್ನು 'ಅವಳು' ಎಂದು ಕರೆಯುವುದು ವ್ಯಾಕರಣಕ್ಕೆ ಒಪ್ಪುವ ಮಾತಲ್ಲವೆಂದು ಬಲ್ಲೆ. ಮನೆಯಲ್ಲಿ ಹಾಗೆಯೇ ರೂಢಿಯಾಗಿದೆ, ವಾಚಕರು ಕ್ಷಮಿಸಬೇಕು.

ಕಳೆದ ಮಾಘಮಾಸದಲ್ಲಿ ಮಗಳು ಬಾಣಂತನಕ್ಕೆ ಬಂದಳು. ಅವಳನ್ನು ಕೊಟ್ಟಿರುವುದು ಜಗಳೂರಿಗೆ. ನಮ್ಮ ತೋಟದ ಸೀಮೆಗೂ ಆ ಮಳೆಯಿಲ್ಲದ ಬಯಲಿಗೂ ಒಂದೇ ಜಿಲ್ಲೆಯೆಂಬ ಹೆಸರೊಂದನ್ನು ಬಿಟ್ಟರೆ ಹೋಲಿಕೆಯಿಲ್ಲ. ಬಂದ ಮೂರನೆಯ ದಿನ ಅವಳು ಪಡಸಾಲೆಯ ಕಂಬಕ್ಕೊರಗಿ ಕುಳಿತಿದ್ದಾಗ ಗೌರಿ ಬಂದು ಮಗ್ಗುಲಾಗಿ ಮಲಗಿತು. ಮಗಳು ಬಗ್ಗಿ ನೋಡಿ, "ಅವ್ವಾ, ಗೌರಿಗೂ ನನ್ನ ಹಾಗೆಯೇ ಆದಂತಿದೆಯಲ್ಲೇ!" ಎಂದಳು. ನೋಡಿದರೆ ಹೌದು, ಮೊಲೆತೊಟ್ಟುಗಳು ಕೆಂಪಡರಿ ಎದ್ದು ಕಾಣುತ್ತಿದ್ದವು. ಬೆಕ್ಕಿಗೆ ಗಬ್ಬ ನಿಂತ ಮೂರು ವಾರಗಳ ಹೊತ್ತಿಗೆ ಹೀಗಾಗುವುದು. ಸಂಕ್ರಾಂತಿಯ ಹಿಂದುಮುಂದಿನ ರಾತ್ರಿಗಳಲ್ಲಿ ನಮ್ಮ ಮಾಡಿನ ಮೇಲೆ ನಡೆದ ಸಂಗೀತ ಕಛೇರಿಯನ್ನು ನೆನೆದು ಲೆಕ್ಕ ಹಾಕಿದೆವು. ಬೆಕ್ಕು ಹೊರುವುದು ಅರುವತ್ತಮೂರರಿಂದ ಅರುವತ್ತೈದು ದಿವಸ. ಯುಗಾದಿಯ ಸುಮಾರಿಗೆ ಗೌರಿ, ಅದಾಗಿ ಮೂರು ನಾಲ್ಕು ವಾರಕ್ಕೆ ಮಗಳು. ಗೌರಿಗೂ ಚಂಚಲೆಗೂ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದೆನು. ಕೊಯ್ಲು ಮುಗಿಯಲಿ, ಬೇಯಿಸುವುದು ಮುಗಿಯಲಿ ಎಂದು ಮುಂದೆ ಹಾಕುತ್ತ ಬಂದವಳೂ ನಾನೇ.

ಈ ಸುದ್ದಿಯನ್ನು ಮಗಳು ನಗುನಗುತ್ತ ಅತ್ತೆಗೆ ದೂರವಾಣಿಯಲ್ಲಿ ಹೇಳಿದಳು. ಮರುದಿನ ಬೆಳಗ್ಗೆಯೇ ಬೀಗಿತ್ತಿಯವರು ನನ್ನನ್ನು ಕರೆದರು.

"ಬೀಗರೇ, ತಪ್ಪು ತಿಳಿಯಬೇಡಿರಿ. ಬೆಕ್ಕಿನಿಂದ ಬಸುರಿಗೆ ಯಾವುದೋ ರೋಗ ಬರುತ್ತದಂತೆ, ಹೊಟ್ಟೆಯಲ್ಲಿರುವ ಕೂಸಿನ ಕಣ್ಣಿಗೂ ಮಿದುಳಿಗೂ ಕೇಡಂತೆ. ಒಂದಲ್ಲ, ಐದು ಇವೆ ನಿಮ್ಮಲ್ಲಿ. ಎಲ್ಲಿಗಾದರೂ ಸಾಗಿಸಿಬಿಡಿರಿ. ಆಗದಿದ್ದರೆ ಹುಡುಗಿಯನ್ನು ಇಲ್ಲಿಗೇ ಕಳುಹಿಸಿರಿ. ಬಾಣಂತನ ನಾವೇ ಮಾಡಿಕೊಳ್ಳುತ್ತೇವೆ."

ಅವರ ದನಿಯಲ್ಲಿ ಜಗಳವಿರಲಿಲ್ಲ, ಭಯವಿತ್ತು. ಅದಕ್ಕೇ ನನಗೆ ಉತ್ತರ ಹೊಳೆಯಲಿಲ್ಲ. 'ಸಾಗಿಸಿಬಿಡಿರಿ' ಎಂಬ ಮಾತು ಮಾತ್ರ ಕಿವಿಯಲ್ಲಿ ನಿಂತಿತು. ಏಕೆಂದರೆ ಒಮ್ಮೆ ನಾನು ಸಾಗಿಸಿದ್ದೆ.

ಅದು 1997ನೆಯ ಇಸವಿ. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಿಡಿಸಿಕೊಂಡು ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ ವರ್ಷವಾದುದರಿಂದ ಚೆನ್ನಾಗಿ ನೆನಪಿದೆ. ಈ ಮಗಳು ಆಗ ನನ್ನ ಹೊಟ್ಟೆಯಲ್ಲಿದ್ದಳು. ಎರಡನೆಯದಾದ್ದರಿಂದ ತವರಿಗೆ ಹೋಗದೆ ಇಲ್ಲಿಯೇ ಇದ್ದೆ. ಮನೆಯಲ್ಲಿ ಒಂದು ಬೂದು ಬೆಕ್ಕಿತ್ತು, ಅದಕ್ಕೆ ಹೆಸರಿರಲಿಲ್ಲ. ಅದೂ ತುಂಬಿದ ಗಬ್ಬ. ಬೆಕ್ಕಿನ ಕೂದಲು ಕೂಸಿಗೆ ಆಗದು, ತೊಟ್ಟಿಲಿಗೆ ಹತ್ತಿ ಉಸಿರು ಹೀರುವುದು ಎಂದು ಬಂದವರು ಹೋದವರು ಹೇಳುತ್ತಿದ್ದರು. ಹೇಳಿದವರು ಯಾರಾದರೇನು, ಒಪ್ಪಿದವಳು ನಾನು. ಆಳು ಅದನ್ನು ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಸೂಳೆಕೆರೆಯ ಏರಿಯಾಚೆ ಬಿಟ್ಟುಬಂದನು. ನಮ್ಮ ಮನೆಯಿಂದ ಅಲ್ಲಿಗೆ ಆರು ಮೈಲಿ.

ಹನ್ನೊಂದನೆಯ ದಿನ ಅದು ತಿರುಗಿ ಬಂದಿತು. ನನಗೆ ಹೆರಿಗೆಯಾಗಿ ನಾಲ್ಕು ದಿನವಾಗಿತ್ತು. ಹೊಟ್ಟೆ ಇಳಿದುಹೋಗಿತ್ತು, ಮೊಲೆಗಳು ಬಾತು ಹಾಲು ಸೋರುತ್ತಿದ್ದವು, ಮರಿಗಳಿರಲಿಲ್ಲ. ಎಲ್ಲಿ ಈದಿತೋ, ಅವುಗಳನ್ನು ಏನು ತಿಂದಿತೋ, ಅಥವಾ ಮನೆಗೆ ದಾರಿ ಕಂಡುಹಿಡಿಯುವ ಹಂಬಲದಲ್ಲಿ ತಾನೇ ಬಿಟ್ಟುಬಂದಿತೋ ಶಿವನೇ ಬಲ್ಲ. ಅದು ಮನೆಯ ಪ್ರತಿಯೊಂದು ಬುಟ್ಟಿ, ಪ್ರತಿಯೊಂದು ಮೊರದ ಮರೆ, ಅಟ್ಟದ ಮೂಲೆ, ಎಲ್ಲವನ್ನೂ ಹುಡುಕುತ್ತ ಮರಿಗಳನ್ನು ಕರೆಯುವ ಒಂದು ವಿಧವಾದ ಗುರುಗುಟ್ಟುವ ದನಿಯಲ್ಲಿ ಮೂರು ದಿನ ಕರೆಯಿತು. ನಾನು ಬಾಣಂತಿಯ ಕೋಣೆಯಲ್ಲಿ ಮಗುವಿಗೆ ಹಾಲೂಡುತ್ತ ಅದನ್ನು ಕೇಳುತ್ತಿದ್ದೆ. ಆ ಬೆಕ್ಕು ಆಮೇಲೆ ನಾಲ್ಕು ವರ್ಷ ನಮ್ಮಲ್ಲಿಯೇ ಇದ್ದಿತು, ನನ್ನ ಕೈಯ ಅನ್ನವನ್ನು ಮಾತ್ರ ನಾನು ಅತ್ತ ಹೋಗುವವರೆಗೆ ಮುಟ್ಟುತ್ತಿರಲಿಲ್ಲ. ಈ ಸಂಗತಿಯನ್ನು ಮಗಳಿಗೂ ಹೇಳಿರಲಿಲ್ಲ.

ಹಾಗೆಂದು ಬೀಗಿತ್ತಿಯವರ ಮಾತು ಮೂಢನಂಬಿಕೆಯೆಂದು ತಳ್ಳುವಂತಿರಲಿಲ್ಲ. ಉಸಿರು ಹೀರುವ ಕಥೆ ಸುಳ್ಳು, ಆದರೆ ಅವರು ಕೇಳಿದ ರೋಗ ನಿಜ. ನಾನು ಯಜಮಾನರನ್ನು ಹೊರಡಿಸಿ, ಮಗಳನ್ನು ಕರೆದುಕೊಂಡು ದಾವಣಗೆರೆಯ ಹೆರಿಗೆ ವೈದ್ಯೆಯ ಬಳಿಗೆ ಹೋದೆ. ಆಕೆ ಸಮಾಧಾನದಿಂದ ತಿಳಿಯಹೇಳಿದರು. ಟಾಕ್ಸೊಪ್ಲಾಸ್ಮ ಎಂಬುದೊಂದು ಸೂಕ್ಷ್ಮಜೀವಿ. 1908ರಲ್ಲಿಯೇ ಅದನ್ನು ಕಂಡುಹಿಡಿದಿದ್ದರೂ ಬೆಕ್ಕಿನ ಕರುಳಿನಲ್ಲಿ ಅದು ವೃದ್ಧಿಯಾಗುವುದೆಂದು ತಿಳಿದದ್ದು 1970ರ ಸುಮಾರಿನಲ್ಲಿ. ಇಲಿಯನ್ನೋ ಹಕ್ಕಿಯನ್ನೋ ತಿಂದು ಮೊದಲ ಬಾರಿಗೆ ಸೋಂಕು ಹತ್ತಿದ ಬೆಕ್ಕು ಒಂದರಿಂದ ಮೂರು ವಾರಗಳ ಕಾಲ ಮಲದಲ್ಲಿ ಅದರ ಬೀಜಗಳನ್ನು ಹೊರಹಾಕುವುದು. ಹೊರಬಿದ್ದೊಡನೆ ಅವು ಅಂಟುವುದಿಲ್ಲ. ಪಕ್ವವಾಗಲು ಒಂದರಿಂದ ಐದು ದಿನ ಹಿಡಿಯುವುದು. ಬಸುರಿಗೆ ಹೊಸದಾಗಿ ತಗುಲಿದರೆ ಮಾತ್ರ ಕೂಸಿಗೆ ಅಪಾಯ. ಹಿಂದೆ ಎಂದೋ ತಗುಲಿ ಹೋಗಿದ್ದವಳಿಗೆ ಸಾಮಾನ್ಯವಾಗಿ ಭಯವಿಲ್ಲ. ಬೆಕ್ಕನ್ನು ಮುಟ್ಟುವುದಕ್ಕಿಂತ ಮಣ್ಣಿನಿಂದಲೂ ತೊಳೆಯದ ಸೊಪ್ಪಿನಿಂದಲೂ ಸರಿಯಾಗಿ ಬೇಯದ ಮಾಂಸದಿಂದಲೂ ತಗುಲುವುದೇ ಹೆಚ್ಚು.

ರಕ್ತಪರೀಕ್ಷೆ ಮಾಡಿಸಿದೆವು. ಮಗಳಿಗೆ ಹಿಂದೆಂದೂ ತಗುಲಿರಲಿಲ್ಲ. ಅಂದರೆ, ಈಗ ತಗುಲಬಾರದು.

ಆ ಸಂಜೆಯೇ ಕಟ್ಟಳೆಯಾಯಿತು. ಬೆಕ್ಕುಗಳ ಮಲದ ಮರಳನ್ನು ದಿನವೂ, ತಪ್ಪದೆ ದಿನವೂ, ಯಜಮಾನರೇ ತೆಗೆದು ದೂರದಲ್ಲಿ ಹೂಳತಕ್ಕದ್ದು. ಮಗಳು ಆ ಕಡೆ ಸುಳಿಯಕೂಡದು, ತೋಟದ ಮಣ್ಣನ್ನು ಬರಿಗೈಯಿಂದ ಮುಟ್ಟಕೂಡದು. ಬೆಕ್ಕನ್ನು ಮುಟ್ಟಿದರೆ ಸಾಬೂನು ಹಾಕಿ ಕೈತೊಳೆಯತಕ್ಕದ್ದು. ಬೆಕ್ಕುಗಳು ಹಾಸಿಗೆಗೂ ಅಡಿಗೆಮನೆಗೂ ಬರಕೂಡದು. ಇಷ್ಟನ್ನೂ ಬೀಗಿತ್ತಿಯವರಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಆಗಲಿ, ನಿಮ್ಮ ಮಾತಿನ ಮೇಲೆ ಬಿಟ್ಟಿದ್ದೇನೆ" ಎಂದರು. ಬೇಡವೆಂದಿದ್ದರೆ ಹಗುರವಾಗುತ್ತಿತ್ತು.

ಆದರೆ ಹೀಗೆ ದಾರಿಗಳನ್ನೆಲ್ಲ ಮುಚ್ಚಿದ್ದರಿಂದ ಬೆಕ್ಕುಗಳ ರಾಜ್ಯದಲ್ಲಿ ಕ್ಷೋಭೆಯೆದ್ದಿತು. ಅಡಿಗೆಮನೆಯೂ ಮಲಗುವ ಕೋಣೆಯೂ ಹೋದ ಮೇಲೆ ಐವರೂ ಪಡಸಾಲೆಯಲ್ಲಿಯೇ ತುಂಬಿದರು. ಗೌರಿ ಯಾರು ಹತ್ತಿರ ಬಂದರೂ ಬುಸ್ಸೆನ್ನುವಳು. ಚಂಚಲೆ ಆಟಕ್ಕೆಂದು ಹಾರಿದರೆ ಕೆನ್ನೆಗೆ ಏಟು. ಕರಿಯನು ದಾರಿಗಡ್ಡ ಕುಳಿತು ಕಣ್ಣು ಕೀಳದೆ ಅವಳನ್ನೇ ನೋಡುವನು; ಹೀಗೆ ದಿಟ್ಟಿಸುವುದೇ ಅವರಲ್ಲಿ ಬೈಗುಳವೆಂದು ನನಗೆ ಆಮೇಲೆ ತಿಳಿಯಿತು. ಒಂದು ದಿನ ಕಿಟಕಿಯಾಚೆ ಪರರ ಗಂಡುಬೆಕ್ಕೊಂದು ಕಾಣಿಸಿತು. ಅದನ್ನು ಹಿಡಿಯಲಾರದ ಕೋಪವನ್ನು ಕರಿಯನು ಪಕ್ಕದಲ್ಲಿದ್ದ ಗೌರಿಯ ಮೇಲೆ ತೀರಿಸಿಕೊಂಡನು. ನಾನು ಪೊರಕೆ ತೆಗೆದುಕೊಂಡು ಅಟ್ಟಿಸಿದೆ. ಫಲವೇನಾಯಿತೆಂದರೆ, ಪೊರಕೆಗೆ ಹೆದರಿದವಳು ಗೌರಿ. ಕರಿಯನಿಗೆ ಗೌರಿಯ ಮೇಲಿನ ಸಿಟ್ಟು ಇಮ್ಮಡಿಯಾಯಿತು. ಮಲಗುವ ಗೋಣಿಯ ಮೇಲೆ ಗೌರಿ ಉಚ್ಚೆ ಹೊಯ್ಯಲಾರಂಭಿಸಿದಳು. ಕೊಬ್ಬಿನಿಂದಲ್ಲ, ಮರಳಿನ ತಟ್ಟೆಗೆ ಹೋಗುವ ದಾರಿಯಲ್ಲಿ ಕರಿಯನಿರುತ್ತಿದ್ದನು.

ಚನ್ನಗಿರಿಯ ಪಶುವೈದ್ಯರೊಬ್ಬರನ್ನು ಕೇಳಿದೆ. ಯುವಕರು, ಎಮ್ಮೆ ಹಸುಗಳ ನಡುವೆ ಬೆಕ್ಕಿನ ಮಾತು ಬಂದದ್ದಕ್ಕೆ ಅವರಿಗೆ ಸಂತೋಷವೇ ಆಯಿತೆಂದು ಕಾಣುತ್ತದೆ. "ಅಮ್ಮಾ, ನೀವು ಎಲ್ಲಕ್ಕೂ ಊಟ ಹೇಗೆ ಹಾಕುತ್ತೀರಿ?" ಎಂದು ಮೊದಲು ಕೇಳಿದರು. ದೊಡ್ಡ ತಟ್ಟೆಯೊಂದರಲ್ಲಿ ಐವರಿಗೂ ಒಟ್ಟಿಗೆ ಎಂದು ಹೆಮ್ಮೆಯಿಂದ ಹೇಳಿದೆ. ಸಹಪಂಕ್ತಿಯಿಂದ ಒಗ್ಗಟ್ಟು ಬೆಳೆಯುವುದೆಂದು ನನ್ನ ಭಾವನೆ. ಅವರು ನಕ್ಕರು. ಬೆಕ್ಕು ಹುಲಿಯ ಕುಲದ್ದು, ಒಂಟಿಯಾಗಿ ಬೇಟೆಯಾಡಿ ಒಂಟಿಯಾಗಿ ತಿನ್ನುವ ಪ್ರಾಣಿ. ನಾಯಿಗಳಂತೆ ಅದಕ್ಕೆ ಗುಂಪಿನ ಯಜಮಾನನಿಲ್ಲ, ಜಗಳವಾದ ಮೇಲೆ ರಾಜಿಯಾಗುವ ಪದ್ಧತಿಯೂ ಇಲ್ಲ. ದೂರವಿರುವುದೊಂದೇ ಅದರ ರಾಜಿ. ಕೆನ್ನೆಗೆ ಕೆನ್ನೆ ತಾಗುವಂತೆ ಒಂದೇ ತಟ್ಟೆಗೆ ಬರುವುದು ಹಸಿವಿನಿಂದಲೇ ಹೊರತು ಸ್ನೇಹದಿಂದಲ್ಲ. ಈ ಮಾತು ಕೇಳಿ ನನಗೆ ನಮ್ಮ ಕೂಡುಕುಟುಂಬದ ದಿನಗಳು ನೆನಪಾದವು, ಇರಲಿ.

ಐದು ಬಟ್ಟಲು, ಐದು ಕಡೆ. ಒಬ್ಬರ ಊಟ ಇನ್ನೊಬ್ಬರ ಕಣ್ಣಿಗೆ ಬೀಳದಂತೆ ಒಂದು ಕಂಬದ ಮರೆಯಲ್ಲಿ, ಒಂದು ಜಗಲಿಯ ಮೇಲೆ, ಒಂದು ಕೊಟ್ಟಿಗೆಯಲ್ಲಿ. ನೀರನ್ನು ಊಟದಿಂದ ದೂರವಿಟ್ಟೆವು. ಮರಳಿನ ತಟ್ಟೆಗಳನ್ನು ಎರಡರಿಂದ ಆರು ಮಾಡಿ ಬೇರೆಬೇರೆ ಮೂಲೆಗಳಲ್ಲಿಟ್ಟೆವು; ಯಜಮಾನರ ಕೆಲಸ ಮೂರು ಪಟ್ಟಾಯಿತು, ಅವರು ಗೊಣಗಿದರು, ಮಾಡಿದರು. ಕರಿಯನಿಗೆ ಅಡಿಕೆಯ ಮನೆಯ ಅಟ್ಟವನ್ನು ಬಿಟ್ಟುಕೊಟ್ಟೆವು. ಒಂದು ವಾರದಲ್ಲಿ ಮನೆಯ ಸದ್ದು ಅರ್ಧಕ್ಕಿಳಿಯಿತೆಂದರೆ ಅತಿಶಯೋಕ್ತಿಯಲ್ಲ.

ಗೌರಿಗೆ ಹಳೆಯ ಕಣಜದ ಕೋಣೆ. ಅಲ್ಲಿ ಬೆಳಕು ಕಡಮೆ, ಗಾಳಿಯುಂಟು, ಯಾರೂ ತಿರುಗಾಡುವುದಿಲ್ಲ. ರಟ್ಟಿನ ಪೆಟ್ಟಿಗೆಯೊಂದನ್ನು ಮಗ್ಗುಲಾಗಿಟ್ಟು, ನಾನು ಎಂಟು ದಿನ ಉಟ್ಟ ಹತ್ತಿಯ ಸೀರೆಯನ್ನು ಒಗೆಯದೆ ಹಾಸಿದೆ. ಬೆಕ್ಕು ಲೋಕವನ್ನು ಮೂಗಿನಿಂದ ತಿಳಿಯುವುದು; ಪರಿಚಿತ ವಾಸನೆಯೇ ಅದಕ್ಕೆ ಅಭಯ. ಹೊಸದಾಗಿ ಒಗೆದ ಬಟ್ಟೆಯನ್ನು ಹಾಸುವುದು ನಮ್ಮ ಶುಚಿತ್ವಕ್ಕೆ ಸರಿಯೇ ಹೊರತು ಅದರ ನೆಮ್ಮದಿಗಲ್ಲ. ಹೆರಿಗೆಗೆ ಎರಡು ವಾರ ಮೊದಲೇ ಸ್ಥಳ ಗೊತ್ತಾಗಿರಬೇಕೆಂದು ವೈದ್ಯರು ಹೇಳಿದ್ದರು. ಅವಳನ್ನು ಎತ್ತಿಕೊಂಡು ಹೋಗಿ ಒಳಗೆ ಕೂಡಿಸುವ ತಪ್ಪನ್ನೂ ಎರಡು ಬಾರಿ ಮಾಡಿದೆ. ಕೂಡಿಸಿದಷ್ಟೇ ಬೇಗ ಹೊರಗೆ ಬಂದಳು. ಮೂರನೆಯ ದಿನ ಬಾಗಿಲನ್ನು ಓರೆ ಮಾಡಿಟ್ಟು ನಮ್ಮ ಕೆಲಸ ನೋಡಿಕೊಂಡೆವು. ಸಂಜೆ ನೋಡಿದರೆ ಪೆಟ್ಟಿಗೆಯಲ್ಲಿದ್ದಳು. ದೊಡ್ಡಮ್ಮ ಬಾಗಿಲ ಹೊರಗೆ ಮಲಗಿದ್ದಳು. ಇವರಿಬ್ಬರಿಗೂ ರಕ್ತಸಂಬಂಧವಿಲ್ಲ, ಗೆಳೆತನವಿದ್ದುದನ್ನೂ ನಾನು ಕಂಡಿರಲಿಲ್ಲ. ಆದರೂ ಅಂದಿನಿಂದ ದೊಡ್ಡಮ್ಮನ ಜಾಗ ಅದೇ ಆಯಿತು.

ಆಹಾರದ ವಿಷಯವಾಗಿ ಒಂದು ಮಾತು ಹೇಳಲೇಬೇಕು, ಏಕೆಂದರೆ ನಮ್ಮಂಥ ಶಾಕಾಹಾರಿಗಳ ಮನೆಗಳಲ್ಲಿ ಈ ತಪ್ಪು ಸರ್ವತ್ರ ನಡೆಯುತ್ತಿದೆ. ಹಾಲನ್ನ ಹಾಕಿದರೆ ಬೆಕ್ಕಿನ ಋಣ ತೀರಿತೆಂದು ನಾವು ತಿಳಿದಿರುವೆವು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದು, ಭೇದಿಯಾಗುವುದು. ಮೇಲಾಗಿ ಟಾರಿನ್ ಎಂಬ ಒಂದು ಸತ್ತ್ವವು ಮಾಂಸದಲ್ಲಿ ಮಾತ್ರ ಬೇಕಾದಷ್ಟು ದೊರೆಯುವುದು. ಅದನ್ನು ಬೆಕ್ಕಿನ ದೇಹವು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದಿಲ್ಲದಿದ್ದರೆ ಕಣ್ಣು ಹೋಗುವುದು, ಹೃದಯ ಸೊರಗುವುದು, ಮರಿಗಳು ಬಲವಿಲ್ಲದೆ ಹುಟ್ಟುವವು. ಹಗಲೆಲ್ಲ ನಮ್ಮ ಹಾಲನ್ನ ತಿಂದು ರಾತ್ರಿ ಇಲಿ ಹಿಡಿದು ಬೆಕ್ಕು ತನ್ನ ಪ್ರಾಣವನ್ನು ತಾನೇ ಉಳಿಸಿಕೊಳ್ಳುತ್ತಿರುವುದು. ಈಗ ಗೌರಿಯನ್ನು ಇಲಿಗೆ ಬಿಡುವಂತಿರಲಿಲ್ಲ. ಮರಿಬೆಕ್ಕುಗಳಿಗೆಂದು ಮಾರುವ ಸಿದ್ಧ ಆಹಾರವನ್ನು ದಾವಣಗೆರೆಯಿಂದ ತರಿಸಿ, ಸ್ವಲ್ಪಸ್ವಲ್ಪವಾಗಿ ನಾಲ್ಕೈದು ಹೊತ್ತು ಹಾಕಿದೆವು. ಗಬ್ಬದ ಬೆಕ್ಕಿಗೂ ಅದೇ ತಕ್ಕ ಆಹಾರವಂತೆ. ಅದು ಮಾಂಸದ್ದೇ, ಹಿತ್ತಲ ಬಾಗಿಲಲ್ಲಿ, ಬೇರೆ ಚಮಚದಿಂದ, ಮುಖ ತಿರುಗಿಸಿಕೊಂಡು ಹಾಕುತ್ತಿದ್ದೆ. ಹಾಗೆಯೇ ಇನ್ನೊಂದು: ಮನುಷ್ಯರ ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಫಾಲ್ಗುಣದಲ್ಲಿ ಮಗಳ ಕುಬುಸ ಬಂದಿತು. ಜಗಳೂರಿನಿಂದ ಬೀಗರು, ಹೊನ್ನಾಳಿಯಿಂದ ತಮ್ಮಂದಿರ ಸಂಸಾರ, ನ್ಯಾಮತಿಯಿಂದ ಅಕ್ಕ, ಊರ ಹೆಂಗಸರು. ವಾದ್ಯ, ಹಾಡು, ಹಸುರು ಬಳೆ, ಹೋಳಿಗೆ. ಮಕ್ಕಳಿಗೆ ಕಣಜದ ಕೋಣೆಯ ಗುಟ್ಟು ಹೇಗೆ ತಿಳಿಯಿತೋ ಕಾಣೆ. ಏಳೆಂಟು ಹುಡುಗರು ಬಾಗಿಲು ತೆರೆದು "ಬೆಕ್ಕಿನ ಕುಬುಸ" ಮಾಡಲು ನುಗ್ಗಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ನೋಡುತ್ತೇನೆ, ಪೆಟ್ಟಿಗೆ ಬರಿದು. ಬಟ್ಟಲಿನ ಆಹಾರ ಹಾಗೆಯೇ ಇದೆ.

ಮನೆಯೆಲ್ಲ ಹುಡುಕಿದೆ. ಅಟ್ಟ, ಕೊಟ್ಟಿಗೆ, ಹುಲ್ಲಿನ ಬಣವೆ, ಬಚ್ಚಲ ಒಲೆ. ನೆಂಟರಿಗೆ ಬಡಿಸುವುದನ್ನು ಅಕ್ಕನಿಗೆ ಬಿಟ್ಟು, ಟಾರ್ಚು ಹಿಡಿದು ತೋಟದಂಚಿನವರೆಗೆ ಹೋದೆ. ಕರೆಯಲು ಬಾಯಿ ತೆರೆದರೆ ನನ್ನ ದನಿ ನನಗೇ ಆ ಬೂದು ಬೆಕ್ಕಿನ ದನಿಯಂತೆ ಕೇಳಿಸಿತು. ಬದುವಿನ ಮೇಲೆ ಕುಳಿತುಬಿಟ್ಟೆ. ಹಿಂದೆ ಯಾರೋ ಬಂದ ಸದ್ದಾಯಿತು; ಬೀಗಿತ್ತಿಯವರು.

"ಒಂದು ಬೆಕ್ಕಿಗೆ ಹೀಗೆ ಅಳುತ್ತಾರೇನ್ರೀ?" ಎಂದರು.

ಕತ್ತಲೆಯಲ್ಲಿ ಎಂಥ ಮಾತೂ ಸುಲಭವಾಗುವುದು. ಇಪ್ಪತ್ತೆಂಟು ವರ್ಷ ಯಾರಿಗೂ ಹೇಳದಿದ್ದುದನ್ನು ಅವರಿಗೆ ಹೇಳಿದೆ. ಗೋಣಿಚೀಲ, ಏರಿ, ಹನ್ನೊಂದು ದಿನ, ಹಾಲು. ಅವರು ಒಂದು ಮಾತನ್ನೂ ಆಡಲಿಲ್ಲ. ನನ್ನ ಕೈಯಿಂದ ಟಾರ್ಚನ್ನು ತೆಗೆದುಕೊಂಡು ಬದುವಿನ ಕೆಳಗೆ, ಬಾಳೆಯ ಗುಂಪಿನಲ್ಲಿ, ಕಾಲುವೆಯ ಮೋರಿಯಲ್ಲಿ ಬೆಳಕು ಬಿಡುತ್ತ ನಡೆದರು. ಹತ್ತು ಗಂಟೆಯವರೆಗೆ ಇಬ್ಬರೂ ಹುಡುಕಿದೆವು. ಸಿಕ್ಕಲಿಲ್ಲ.

ಬೆಳಗಿನ ಜಾವ ಯಜಮಾನರು ಹಾಲು ಕರೆಯಲು ಎದ್ದವರು ಕೂಗಿದರು. ಅಡಿಕೆ ಬೇಯಿಸುವ ದೊಡ್ಡ ಒಲೆಯ ಬಾಯಲ್ಲಿ ದೊಡ್ಡಮ್ಮ ಕುಳಿತಿತ್ತು. ಕೊಯ್ಲು ಮುಗಿದು ಒಲೆ ಆರಿ ತಿಂಗಳಾಗಿತ್ತು. ಬಗ್ಗಿ ನೋಡಿದರೆ ಒಳಗೆ ತಣ್ಣನೆಯ ಬೂದಿಯಲ್ಲಿ ಎರಡು ಕಣ್ಣು. ನಾನು ಕೈ ನೀಡಲಿಲ್ಲ. ಬಟ್ಟಲನ್ನು ಒಲೆಯ ಬಾಯಲ್ಲಿಟ್ಟು ದೂರ ಬಂದೆ. ನೆಂಟರೆಲ್ಲ ಹೊರಟು ಮನೆ ತಣ್ಣಗಾದ ಮೇಲೆ, ಮಧ್ಯಾಹ್ನ, ಬೂದಿ ಮೆತ್ತಿಕೊಂಡು ತಾನೇ ಕಣಜದ ಕೋಣೆಗೆ ನಡೆದಳು. ಜಗಳೂರಿನ ಬಸ್ಸಿಳಿದೊಡನೆ ಬೀಗಿತ್ತಿಯವರು ದೂರವಾಣಿ ಮಾಡಿ, ಮಗಳ ಯೋಗಕ್ಷೇಮಕ್ಕಿಂತ ಮೊದಲು, "ಒಳಗೆ ಬಂದಳೇ?" ಎಂದು ಕೇಳಿದರು.

ಯುಗಾದಿಗೆ ಎರಡು ದಿನವಿರುವಾಗ ಗೌರಿ ಊಟ ಬಿಟ್ಟಳು. ಸೀರೆಯನ್ನು ಕಾಲಿನಿಂದ ಕೆರೆಕೆರೆದು ಮುದ್ದೆ ಮಾಡಿದಳು. ಬೆಕ್ಕಿನ ಮೈ ನಮ್ಮದಕ್ಕಿಂತ ಬೆಚ್ಚಗಿರುವುದು. ಹೆರಿಗೆಗೆ ಒಂದು ದಿನ ಮೊದಲು ಅದು ಸ್ವಲ್ಪ ತಣಿಯುವುದು. ರಾತ್ರಿ ಹನ್ನೊಂದಕ್ಕೆ ಮೊದಲನೆಯದು. ನಾನು ಬಾಗಿಲ ಹೊರಗೆ ಗೋಡೆಗೊರಗಿ ಕುಳಿತಿದ್ದೆ. ದೊಡ್ಡಮ್ಮ ನನ್ನ ಪಕ್ಕದಲ್ಲಿ. ಮುಕ್ಕಾಲು ಗಂಟೆಗೊಂದರಂತೆ ನಾಲ್ಕು ಮರಿ. ಪ್ರತಿಯೊಂದರ ಪೊರೆಯನ್ನು ನೆಕ್ಕಿ ಹರಿದು, ಹೊಕ್ಕುಳ ಬಳ್ಳಿಯನ್ನು ಕಡಿದು, ಮಾಸನ್ನು ತಾನೇ ತಿಂದಳು. ಸೂಲಗಿತ್ತಿಯ ಕೆಲಸ, ಬಾಣಂತಿಯ ಕೆಲಸ, ಎರಡೂ ಅವಳದೇ. ಮೂರನೆಯದು ಅಲ್ಲಾಡಲಿಲ್ಲ. ಅವಳು ನೆಕ್ಕಿದಳು, ಬಹಳ ಹೊತ್ತು ನೆಕ್ಕಿದಳು. ನಾಲ್ಕನೆಯದು ಬರುವಾಗ ಬಿಟ್ಟಳು. ಆಗ ನಾನು ಒಳಗೆ ಹೋಗಿ ಅದನ್ನು ಒಣ ಬಟ್ಟೆಯಲ್ಲಿ ಹಿಡಿದು ಉಜ್ಜಿದೆ. ಉಸಿರು ಬರಲಿಲ್ಲ. ಬೆಳಗಾಗುವ ಮೊದಲು, ಮಗಳು ಏಳುವ ಮೊದಲು, ದಾಸವಾಳದ ಬುಡದಲ್ಲಿ ಇಟ್ಟುಬಂದೆ. ಮಗಳಿಗೆ ಮೂರೆಂದೇ ಹೇಳಿದೆ.

ಆರನೆಯ ದಿನ ಮತ್ತೆ ಪೆಟ್ಟಿಗೆ ಖಾಲಿ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುವುದೆಂದು ನಮ್ಮಲ್ಲಿ ಹೇಳುವರು. ಈ ಬಾರಿ ಎಲ್ಲಿಗೆಂದರೆ, ಕರಿಯನ ಅಟ್ಟಕ್ಕೆ! ಗಂಡುಬೆಕ್ಕು ಎಳೆಯ ಮರಿಗಳನ್ನು ಕೊಲ್ಲುವುದುಂಟು. ನನ್ನ ಎದೆ ಹಾರಿತು. ಏಣಿಯ ಬುಡದಲ್ಲಿ ನಿಂತು ನೋಡಿದೆ. ಕೊನೆಯ ಮರಿಯನ್ನು ಕತ್ತಿನ ಹಿಂದೆ ಕಚ್ಚಿ ಹಿಡಿದು ಗೌರಿ ತೊಲೆಯ ಮೇಲೆ ನಡೆಯುತ್ತಿದ್ದಳು. ಮರಿ ಕೈಕಾಲು ಮಡಿಸಿ, ಕದಲದೆ, ಕಣ್ಣು ತೆರೆಯದೆ ತೂಗುತ್ತಿತ್ತು. ಶ್ರೀವೈಷ್ಣವರಲ್ಲಿ ತೆಂಗಲೆಯವರು ಹೇಳುವ ಮಾರ್ಜಾಲಕಿಶೋರ ನ್ಯಾಯವಿದೇ: ಕೋತಿಯ ಮರಿ ತಾಯಿಯನ್ನು ತಾನು ತಬ್ಬಿ ಹಿಡಿಯಬೇಕು, ಬೆಕ್ಕಿನ ಮರಿ ಏನೂ ಮಾಡಬೇಕಾಗಿಲ್ಲ. ಚನ್ನಗಿರಿಯ ಬೆಟ್ಟದ ರಂಗನಾಥನ ಗುಡಿಯ ಮೆಟ್ಟಿಲಲ್ಲಿ ಒಬ್ಬ ಮುದುಕರು ಇದನ್ನು ಹೇಳಿದ್ದಾಗ ಮರಿಯ ಭಾಗ್ಯವನ್ನಷ್ಟೇ ನೆನೆದಿದ್ದೆ. ತಾಯಿಯ ಕತ್ತಿಗೆ ಎಷ್ಟು ಭಾರವೆಂದು ಅಂದು ತೋರಿತು.

ತಿರುಗಿ ತಂದಿಡಲು ಹೋದರೆ ಮತ್ತೂ ದೂರಕ್ಕೆ ಒಯ್ಯುವಳು. ಆದುದರಿಂದ ಮರಿಗಳನ್ನು ಬಿಟ್ಟು ಕರಿಯನನ್ನು ಇಳಿಸಿದೆವು. ಅವನಿಗೆ ಇಷ್ಟವಾದ ಆಹಾರವನ್ನು ಕೊಟ್ಟಿಗೆಯಲ್ಲಿ ಹಾಕಿ, ಏಣಿಯನ್ನು ತೆಗೆದು, ಅವಳಿಗೆ ಮಾತ್ರ ಹಿಡಿಸುವಷ್ಟು ಸಣ್ಣ ಹಲಗೆಯೊಂದನ್ನು ಹಿಂದಿನ ಕಿಂಡಿಗೆ ಕೊಟ್ಟೆವು. ರಾತ್ರಿ ಅವನನ್ನು ಕೊಟ್ಟಿಗೆಯಲ್ಲಿಯೇ ಕೂಡಿಹಾಕಿದೆವು. ಮರಿಗಳು ಒಂಬತ್ತನೆಯ ದಿನ ಕಣ್ಣು ಬಿಟ್ಟವು.

ಚೈತ್ರದ ಕೊನೆಯಲ್ಲಿ ದಾವಣಗೆರೆಯಲ್ಲಿ ಮಗಳಿಗೆ ಗಂಡುಮಗುವಾಯಿತು. ಅದಕ್ಕೆ ಮೊದಲೇ ಎರಡನೆಯ ಬಾರಿ ರಕ್ತಪರೀಕ್ಷೆಯಾಗಿ ಸೋಂಕಿಲ್ಲವೆಂದು ತಿಳಿದಿತ್ತು. ಮಗುವಿನ ಕಣ್ಣನ್ನು ವೈದ್ಯರು ದೀಪವಿಟ್ಟು ಪರೀಕ್ಷಿಸುವಾಗ ಬೀಗಿತ್ತಿಯವರೂ ನಾನೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದೆವು. ತೊಟ್ಟಿಲಿಗೆ ಹಾಕಲು ಬಂದಾಗ ಅವರು ಮೆಕ್ಕೆಜೋಳದ ಗೋದಾಮಿಗೆ ಒಂದು ಗಂಡುಮರಿ ಬೇಕೆಂದು ಕೇಳಿದರು. ಎರಡು ತಿಂಗಳು ತುಂಬಿ ತಾಯಿಯ ಹಾಲು ಬಿಟ್ಟ ಮೇಲೆ ಕೊಡುವೆನೆಂದೆ, ಕೊಟ್ಟೆ.

ಜ್ಯೇಷ್ಠದಲ್ಲಿ ಗೌರಿಯನ್ನೂ ಚಂಚಲೆಯನ್ನೂ ಕರಿಯನನ್ನೂ ಶಸ್ತ್ರಚಿಕಿತ್ಸೆಗೆ ದಾವಣಗೆರೆಗೆ ಒಯ್ದೆವು. ಗೌರಿಗೆ ಬೇರೆ ಬುಟ್ಟಿ. ಒಳಗೆ ಅದೇ ಹಳೆಯ ಸೀರೆ. ಹೊರಟಾಗಿನಿಂದ ಕೂಗುತ್ತಿದ್ದಳು. ತಿರುಗಿ ಬರುವಾಗ ಸಂಜೆ. ಕಾರು ಸೂಳೆಕೆರೆಯ ಏರಿಯ ಮೇಲೆ ಬಂದಿತು. ಮುಂಗಾರಿಗೆ ಮೊದಲಿನ ನೀರು ಬಹಳ ಕೆಳಗಿತ್ತು, ಆಚೆಯ ಗುಡ್ಡಗಳ ಮೇಲೆ ಬಿಸಿಲು. "ನಿಲ್ಲಿಸಲೇ?" ಎಂದು ಯಜಮಾನರು ಕೇಳಿದರು. ಅವರಿಗೂ ನೆನಪಿತ್ತೆಂದು ಆಗಲೇ ನನಗೆ ತಿಳಿದದ್ದು. ಬೇಡವೆಂದೆ. ಬುಟ್ಟಿಯ ಮುಚ್ಚಳವನ್ನು ಸ್ವಲ್ಪ ಎತ್ತಿ ಕೈಯಿಟ್ಟೆ. ಮದ್ದಿನ ಮಂಪರಿನಲ್ಲಿದ್ದಳು, ಮೈ ಬೆಚ್ಚಗಿತ್ತು. ಮನೆ ಮುಟ್ಟುವವರೆಗೆ ಕೈಯನ್ನು ತೆಗೆಯಲಿಲ್ಲ.